ಕಾಗದಪತ್ರ ಇದ್ದವನು

ಗುಢಿ ಪಾಡವಾದ, ಎಂದರೆ ಯುಗಾದಿಯ, ದಿನ ಕಾರು ಕೊಳ್ಳಲು ಹೋದರೆ ರಿಯಾಯಿತಿ ಸಿಗುವುದಿಲ್ಲ ಎಂಬುದನ್ನು ಪ್ರೇಮಕುಮಾರ ಮೂರು ಷೋರೂಮು ಸುತ್ತಿ ತಿಳಿದುಕೊಂಡಿದ್ದ. ಆ ದಿನ ಅರ್ಧ ಪುಣೆ ಹಾರ, ತೆಂಗಿನಕಾಯಿ ಹಿಡಿದು ಗಾಡಿ ಬಿಡಿಸಿಕೊಳ್ಳಲು ಸಾಲು ನಿಂತಿರುತ್ತದೆ. ಮಾರುವವರಿಗೆ ಬಗ್ಗುವ ಗರಜಿರುವುದಿಲ್ಲ. ಹಬ್ಬ ಕಳೆದು ಎರಡು ದಿನಕ್ಕೆ, ಶನಿವಾರ, ಮಾರ್ಚ್ ಮುಗಿಯಲು ಹತ್ತು ದಿನ ಇದ್ದಾಗ ಅವನು ಅಪ್ಪ ಶಂಕ್ರೆಪ್ಪನನ್ನು ಕರೆದುಕೊಂಡು ಸಾತಾರಾ ರಸ್ತೆಯ ಷೋರೂಮಿಗೆ ಹೋದ. ನಿರೀಕ್ಷಿಸಿದಂತೆ ಅಲ್ಲಿ ಗಿರಾಕಿಗಳಿರಲಿಲ್ಲ. ನೆಲದ ಮೇಲೆ ಚೆಂಡುಹೂವಿನ ಎಸಳು ಇನ್ನೂ ಬಿದ್ದಿದ್ದವು.

ಅವನಿಗೆ ಇಪ್ಪತ್ತನಾಲ್ಕು ವರ್ಷ. ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಎರಕದ ಭಾಗಗಳ ಅಳತೆ ನೋಡುವ ಕೆಲಸ. ಕೈಗೆ ಬರುವ ಸಂಬಳ ಇಪ್ಪತ್ತೇಳು ಸಾವಿರದ ಎಂಟುನೂರು. ಏಪ್ರಿಲ್ ಒಂದರಿಂದ ಅವನನ್ನು ಹೊರಗಿನ ಸರಬರಾಜುದಾರರ ಮಾಲು ಪರೀಕ್ಷಿಸುವ ಹುದ್ದೆಗೆ ಏರಿಸಿದ್ದರು. ಅದಕ್ಕೆ ಮೂವತ್ತೆಂಟು ಸಾವಿರ, ಮೇಲೆ ಕಿಲೋಮೀಟರಿಗೆ ಒಂಬತ್ತು ರೂಪಾಯಿ. ಷರತ್ತು ಒಂದೇ. ಮೂವತ್ತು ಕಿಲೋ ತೂಕದ ಮಾದರಿಗಳನ್ನೂ ಅಳತೆಯ ಪೆಟ್ಟಿಗೆಗಳನ್ನೂ ಹೊತ್ತು ದಿನಕ್ಕೆ ಮೂರು ಕಾರ್ಖಾನೆ ತಿರುಗಬೇಕಾದ್ದರಿಂದ ಸ್ವಂತ ನಾಲ್ಕು ಚಕ್ರದ ಗಾಡಿ ಬೇಕು. ಗಾಡಿಯ ಕಾಗದ ಮೂವತ್ತೊಂದರೊಳಗೆ ಸಿಬ್ಬಂದಿ ವಿಭಾಗಕ್ಕೆ ಮುಟ್ಟದಿದ್ದರೆ ಹುದ್ದೆ ಪಟ್ಟಿಯಲ್ಲಿ ಮುಂದಿನವನಾದ ರೋಹಿತನಿಗೆ ಹೋಗುತ್ತದೆ. ರೋಹಿತನ ಬಳಿ ಅವನ ಮಾವ ಕೊಟ್ಟ ಕಾರು ಆಗಲೇ ಇತ್ತು.

ಷೋರೂಮಿನ ಶ್ರದ್ಧಾ ಐದು ಲಕ್ಷ ತೊಂಬತ್ತಮೂರು ಸಾವಿರದ ನಾಲ್ಕುನೂರರ ಪಟ್ಟಿ ಮುಂದಿಟ್ಟಳು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಪ್ರೇಮಕುಮಾರ ಕಾರಿನ ಬಣ್ಣ ನೋಡಲಿಲ್ಲ, ಬಾಗಿಲು ತೆಗೆದು ಮುಚ್ಚಲಿಲ್ಲ. ಪಟ್ಟಿಯ ಒಂದೊಂದು ಸಾಲಿಗೂ ಬೆರಳಿಟ್ಟು ಇದು ಏತಕ್ಕೆ ಎಂದು ಕೇಳುತ್ತ ಹೋದ. ನಿರ್ವಹಣಾ ಶುಲ್ಕ ಆರೂವರೆ ಸಾವಿರ ಏತಕ್ಕೆ? ಗೋದಾಮಿನಿಂದ ಗಾಡಿ ತಂದು ತೊಳೆಯುವುದಕ್ಕೆ ಎಂದಳು. ಕೊಡುವ ಗಾಡಿಯನ್ನು ತೊಳೆದು ಕೊಡುವುದು ನಿಮ್ಮ ಕೆಲಸ, ಅದಕ್ಕೆ ಬೇರೆ ದುಡ್ಡು ಕೊಡುವುದಿಲ್ಲ ಎಂದ. ಅವಳು ಮ್ಯಾನೇಜರನ ಕೋಣೆಗೆ ಹೋಗಿ ಬಂದು ಅದನ್ನು ಹೊಡೆದುಹಾಕಿದಳು. ಸೀಟಿನ ಕವರು, ಕಾಲುಚಾಪೆ ಸೇರಿದ ಹನ್ನೊಂದು ಸಾವಿರದ ಒಂಬೈನೂರರ ಕಿಟ್ ಕಡ್ಡಾಯ ಎಂದಳು. ಹಾಗೆಂದು ಸಹಿ ಮಾಡಿ ಬರೆದುಕೊಡಿ ಎಂದ. ಅದೂ ಹೋಯಿತು. ಅವರು ಹೇಳಿದ ವಿಮೆ ಇಪ್ಪತ್ತೊಂಬತ್ತು ಸಾವಿರದ ಎಂಟುನೂರು. ಅದೇ ವಿಮೆ ಏಳೂವರೆ ಸಾವಿರ ಕಡಿಮೆಗೆ ಸಿಗುವುದನ್ನು ಫೋನಿನಲ್ಲಿ ತೋರಿಸಿದ. ಅದೂ ಇಳಿಯಿತು. ಕೊನೆಗೆ ಕಾರ್ಖಾನೆಯ ಗುರುತುಪತ್ರ ತೋರಿಸಿ ನೌಕರರ ರಿಯಾಯಿತಿ ಐದೂವರೆ ಸಾವಿರ ಇಳಿಸಿಕೊಂಡ. ಐದು ಲಕ್ಷ ಅರವತ್ತೆರಡು ಸಾವಿರಕ್ಕೆ ಕೈ ಕುಲುಕಿದರು. ಹನ್ನೊಂದು ಸಾವಿರ ಮುಂಗಡ ಕಟ್ಟಿದ್ದಾಯಿತು.

ಶಂಕ್ರೆಪ್ಪ ಇಷ್ಟು ಹೊತ್ತೂ ಗಾಜಿನ ಮೇಜಿಗೆ ಕೈ ತಾಗದಂತೆ ಕುಳಿತಿದ್ದ. ಸುರಪುರದ ಕಡೆಯಿಂದ ಪುಣೆಗೆ ಬಂದು ಇಪ್ಪತ್ತೆರಡು ವರ್ಷ. ಈಗ ಗೌಂಡಿಗಳು, ಕೈಯಾಳುಗಳು ಸೇರಿ ಹದಿನೆಂಟು ಜನರ ಟೋಳಿಗೆ ಮೇಸ್ತ್ರಿ. ದರ ಮಾತಾಡುವುದು ಅವನಿಗೆ ಹೊಸದಲ್ಲ.

"ನಾ ಬಿಲ್ಡರ್‌ಗೋಳ ಜೋಡಿ ಬಾಯಿ ಮಾಡಿ ರೇಟ್ ಇಳಸ್ತಿದ್ದೆ," ಎಂದ ಮಗನಿಗೆ. "ನೀ ಬಾಯಿನೂ ಮಾಡಲಿಲ್ಲ, ಆ ಹುಡುಗಿಗೆ ನೀರ್ ಕುಡಸಿದಿ ನೋಡು."

ಪ್ರೇಮಕುಮಾರನ ಉಳಿತಾಯ ಒಂದು ಲಕ್ಷ ನಲವತ್ತು ಸಾವಿರ. ಅದನ್ನು ಮುಟ್ಟಬಾರದೆಂದು ಅವನು ನಾಲ್ಕು ವರ್ಷದಿಂದ ಅಂಚೆಯ ಕಂತಿನ ಠೇವಣಿಯಲ್ಲಿ ಹಾಕುತ್ತ ಬಂದಿದ್ದ. ಉಳಿದ ನಾಲ್ಕು ಲಕ್ಷ ಇಪ್ಪತ್ತೆರಡು ಸಾವಿರ ಸಾಲ. ಒಂಬತ್ತೂಕಾಲು ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳಿಗೆ ಎಂಟು ಸಾವಿರದ ಎಂಟುನೂರ ಹನ್ನೊಂದು ಬರುತ್ತದೆಂದು ಲೆಕ್ಕ ಹಾಕಿಟ್ಟಿದ್ದ. ಹೊಸ ಸಂಬಳದಲ್ಲಿ ಅದು ಭಾರವಲ್ಲ.

ಸಾಲದ ಕಾಗದ ನೋಡುವವನು ಹಿಂದಿನ ಸಣ್ಣ ಕೋಣೆಯಲ್ಲಿದ್ದ. ಹೆಸರು ಕಾರ್ತಿಕ, ಬೆಂಗಳೂರಿನವನು. ಅಪ್ಪ ಮಗ ಆಡುವ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು.

"ಓ, ನೀವು ಕನ್ನಡದೋರಾ ಸರ್? ಮೊದಲೇ ಹೇಳಬಾರದಾ?"

ಚಹ ತರಿಸಿದ. ನಮ್ಮವನೇ ಸಿಕ್ಕ, ಇನ್ನು ಕೆಲಸ ಆದಂತೆಯೇ ಎಂಬ ಧೈರ್ಯದಲ್ಲಿ ಶಂಕ್ರೆಪ್ಪ ಕುರ್ಚಿಗೆ ಒರಗಿದ. ಕಾರ್ತಿಕ ಪ್ಯಾನ್ ಕಾರ್ಡಿನ ಸಂಖ್ಯೆ ಒತ್ತಿದ, ಆರು ತಿಂಗಳ ಬ್ಯಾಂಕ್ ವಿವರ ತೆರೆದ. ಕೆಲಹೊತ್ತು ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಸರ್, ನಿಮಗೆ ಬೇರೆ ಲೋನ್ ಎಷ್ಟಿದೆ?"

ಮೊಬೈಲಿನದು ಒಂದೆರಡು ಇರಬೇಕು ಎಂದ ಪ್ರೇಮಕುಮಾರ. ಹೇಳುತ್ತಿರುವಾಗಲೇ ಅವನಿಗೆ ಅದು ಒಂದೆರಡಲ್ಲ ಎಂದು ನೆನಪಾಯಿತು.

ಕಾರ್ತಿಕ ಪರದೆಯನ್ನು ಅವರ ಕಡೆ ತಿರುಗಿಸಿದ. ಐದು ವರ್ಷದಲ್ಲಿ ಹದಿನಾಲ್ಕು ಸಾಲ. ಎಂಟು ಮುಗಿದಿವೆ, ಆರು ನಡೆಯುತ್ತಿವೆ. ಮೊಬೈಲು ಮೂರು, ಫ್ರಿಜ್ ಒಂದು, ಹೊಲಿಗೆ ಯಂತ್ರ ಒಂದು, ಒಂದು ದ್ವಿಚಕ್ರ ವಾಹನ. ಸಿಬಿಲ್ ಅಂಕ ಆರುನೂರ ಹನ್ನೊಂದು. ಬ್ಯಾಂಕಿನವರು ಏಳುನೂರ ಇಪ್ಪತ್ತರ ಕೆಳಗೆ ನೋಡುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದು ಬ್ಯಾಂಕ್ ವಿವರದಲ್ಲಿತ್ತು. ಆರು ತಿಂಗಳಲ್ಲಿ ಒಂಬತ್ತು ಸಲ ಕಂತು ಎಳೆಯಲು ಹೋದಾಗ ಖಾತೆಯಲ್ಲಿ ದುಡ್ಡಿರಲಿಲ್ಲ.

ಆ ಪಟ್ಟಿಯ ಯಾವ ಸಾಮಾನೂ ಪ್ರೇಮಕುಮಾರನ ಮನೆಯಲ್ಲಿರಲಿಲ್ಲ. ಎಲ್ಲವೂ ಟೋಳಿಯವರ ಮನೆಗಳಲ್ಲಿದ್ದವು. ಟೋಳಿಯ ಹದಿನೆಂಟು ಜನರಲ್ಲಿ ಯಾರ ಬಳಿಯೂ ಸಂಬಳದ ಚೀಟಿ ಇಲ್ಲ, ಪುಣೆಯ ವಿಳಾಸದ ಲೈಟ್ ಬಿಲ್ ಇಲ್ಲ, ಆಧಾರ್ ಊರಿನ ವಿಳಾಸದ್ದು. ಅಂಗಡಿಯವನು ಕಂತಿನ ಮೇಲೆ ಸಾಮಾನು ಕೊಡಲು ಒಪ್ಪುತ್ತಿರಲಿಲ್ಲ. ಡಿಪ್ಲೊಮಾ ಮುಗಿಸಿ ಹತ್ತೊಂಬತ್ತಕ್ಕೆ ನೌಕರಿ ಹಿಡಿದ ಪ್ರೇಮಕುಮಾರನ ಬಳಿ ಎಲ್ಲವೂ ಇತ್ತು. ಊರಲ್ಲಿದ್ದಾಗಿನಿಂದಲೂ ಸೇರಿ ಅಪ್ಪನ ಜೊತೆ ಮೂವತ್ತು ವರ್ಷ ದುಡಿದ ಸಾಬಣ್ಣ ಕಾಕಾ ಮೊದಲ ಮೊಬೈಲಿಗೆ ಅವನನ್ನು ಕರೆದುಕೊಂಡು ಹೋದ. ನಮ್ಮ ಮಂದಿಯಲ್ಲಿ ಕಾಗದಪತ್ರ ಇದ್ದಾಂವ ಒಬ್ಬ ಹುಟ್ಟಿದ ಎಂದು ಶಂಕ್ರೆಪ್ಪ ಆವತ್ತು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದ. ಆಮೇಲೆ ಯಾರಿಗೂ ಇಲ್ಲ ಎನ್ನಲು ಕಾರಣವೇ ಇರಲಿಲ್ಲ, ಏಕೆಂದರೆ ಒಬ್ಬರೂ ದುಡ್ಡು ಮುಳುಗಿಸಲಿಲ್ಲ. ಕಂತು ಐದನೆಯ ತಾರೀಖಿಗೆ. ಟೋಳಿಯ ಕೂಲಿಯ ಬಟವಡೆ ಶನಿವಾರಕ್ಕೆ. ಪ್ರೇಮಕುಮಾರನ ಸಂಬಳ ಏಳಕ್ಕೆ. ನಡುವೆ ಎರಡು ಮೂರು ದಿನ ಖಾತೆ ಬರಿದಾಗಿರುತ್ತಿತ್ತು. ಶನಿವಾರ ಸಂಜೆ ಒಬ್ಬೊಬ್ಬರೇ ಬಂದು ಕಂತನ್ನೂ ತಡವಾದದ್ದರ ದಂಡವನ್ನೂ ಎಣಿಸಿ ಕೈಯಲ್ಲಿಟ್ಟು ಹೋಗುತ್ತಿದ್ದರು.

"ದಂಡ ಕಟ್ಟೇವಲ್ರಿ," ಎಂದ ಶಂಕ್ರೆಪ್ಪ. "ಒಂದ್ ರೂಪಾಯಿ ಇಟ್ಗೊಂಡಿಲ್ಲ."

"ಕಟ್ಟಿದೀರಿ ಅಂಕಲ್, ನಾನು ಇಲ್ಲ ಅಂತಿಲ್ಲ. ಬ್ಯಾಂಕ್ ಅದನ್ನ ನೋಡಲ್ಲ. ಐದನೇ ತಾರೀಖು ದುಡ್ಡಿತ್ತಾ, ಇರಲಿಲ್ವಾ ಅಂತ ಮಾತ್ರ ನೋಡುತ್ತೆ."

ಪ್ರೇಮಕುಮಾರನಿಗೂ ಆ ಮಾತು ಹೊಸದೇ ಆಗಿತ್ತು. ಕಾರ್ಖಾನೆಯಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗ ಹೆಚ್ಚಾದರೂ ಮಾಲು ತಿರಸ್ಕರಿಸುವವನು ಅವನು. ಪ್ರತಿ ತಿಂಗಳು ಬರುತ್ತಿದ್ದ ಬ್ಯಾಂಕಿನ ಸಂದೇಶಗಳನ್ನು ಓದಿದ್ದ. ಆದರೆ ತಡವಾದರೆ ದಂಡ, ದಂಡ ಕೊಟ್ಟರೆ ಲೆಕ್ಕ ಚುಕ್ತಾ ಎಂಬುದು ಟೋಳಿಯ ನ್ಯಾಯ. ಅದನ್ನು ಅವನು ಹುಟ್ಟಿನಿಂದ ನೋಡಿದ್ದ, ಬ್ಯಾಂಕಿಗೆ ಬೇರೆ ನ್ಯಾಯ ಇರಬಹುದೆಂದು ಯೋಚಿಸಿರಲಿಲ್ಲ. ಅಂಚೆಯಲ್ಲಿ ಕುಳಿತ ತನ್ನದೇ ದುಡ್ಡಿನಲ್ಲಿ ಹತ್ತು ಸಾವಿರ ಈ ಖಾತೆಯಲ್ಲಿ ಬಿಟ್ಟಿದ್ದರೂ ಒಂಬತ್ತರಲ್ಲಿ ಒಂದು ಸಲವೂ ಹೀಗಾಗುತ್ತಿರಲಿಲ್ಲ.

ಅವನು ಮೇಜಿನ ಮೇಲೆ ಬಗ್ಗಿ, "ಅವು ನನ್ನ ಸಾಲ ಅಲ್ರಿ. ನಮ್ ಮಂದಿಗೆ ತಗದು ಕೊಟ್ಟಿದ್ದು," ಎಂದ.

ಕಾರ್ತಿಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಆ ಮಾತು ಇಲ್ಲೇ ಬಿಟ್ಟುಬಿಡಿ ಸರ್. ಬೇರೆಯವರಿಗೋಸ್ಕರ ನಿಮ್ಮ ಹೆಸರಲ್ಲಿ ತೆಗೆದಿದೀರಿ ಅಂತ ನಾನು ಫೈಲಲ್ಲಿ ಬರೆದ್ರೆ ಇವತ್ತಲ್ಲ, ಮುಂದೆ ಯಾವತ್ತೂ ಯಾರೂ ಕೊಡಲ್ಲ. ನಿಮ್ದು ಅಂತಾನೇ ಇರಲಿ."

ಖಾಸಗಿ ಫೈನಾನ್ಸ್ ಕಂಪನಿಯೊಂದಕ್ಕೆ ಕಾಗದ ಕಳಿಸಿ ನೋಡುತ್ತೇನೆ, ಸೋಮವಾರ ತಿಳಿಯುತ್ತದೆ ಎಂದು ಸೇರಿಸಿದ. ಚಹ ಆರಿತ್ತು. ಶಂಕ್ರೆಪ್ಪ ಅದನ್ನು ಬಿಡಬಾರದೆಂದು ಒಂದೇ ಗುಟುಕಿಗೆ ಕುಡಿದ.

ಮನೆಯಿದ್ದ ಅಪ್ಪರ್ ಬಿಬವೇವಾಡಿಯ ಏರನ್ನು ಇಬ್ಬರೂ ನಡೆದೇ ಹತ್ತಿದರು.

ಭಾನುವಾರ ಬೆಳಿಗ್ಗೆ ಪ್ರೇಮಕುಮಾರ ಏಳುವಷ್ಟರಲ್ಲಿ ಮನೆ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಅಪ್ಪ ಯಾರಿಗೆ ಏನು ಹೇಳಿದನೋ, ಆರು ಸಾಲದವರ ಜೊತೆ ಸಾಲ ಮುಗಿಸಿದ ಎಂಟು ಜನರೂ ಬಂದಿದ್ದರು. ಹೆಂಗಸರು ಒಳಗೆ ಅವ್ವ ಮರೆಮ್ಮನ ಬಳಿ, ಗಂಡಸರು ಕಟ್ಟೆಯ ಮೇಲೆ. ಸಾಬಣ್ಣ ನಡುವೆ ಕುಳಿತಿದ್ದ.

"ತಮ್ಮಾ, ನಮ್ಮಿಂದೇನ ತಪ್ಪಾಗೇದ ಹೇಳು. ದುಡ್ಡ ಉಳಸೇವೇನು?"

ಇಲ್ಲ ಎಂದ ಪ್ರೇಮಕುಮಾರ.

"ಸುಳ್ಳ ಹೇಳೇವೇನು?"

ಅದೂ ಇಲ್ಲ ಎನ್ನಬೇಕಾಯಿತು. ತಾರೀಖಿನ ವಿಷಯ ಬಿಡಿಸಿ ಹೇಳಿದ. ಎಲ್ಲರೂ ಗಮನವಿಟ್ಟು ಕೇಳಿದರು. ಕೊನೆಗೆ ಸಾಬಣ್ಣ, ಶನಿವಾರ ಬಟವಡೆ ಮಾಡುವವನು ಬಿಲ್ಡರ್, ಅವನಿಗೆ ಯಾವ ದಂಡವೂ ಇಲ್ಲವಲ್ಲ ಎಂದ. ಯಾರೋ ನಕ್ಕರು. ಅದು ನಗುವ ಮಾತಲ್ಲ ಎಂದು ಇನ್ಯಾರೋ ಗದರಿದರು.

ಸಿಟ್ಟು ಮಾಡಿಕೊಳ್ಳಲು ಒಂದು ಮುಖ ಸಿಕ್ಕಿದ್ದರೆ ಪ್ರೇಮಕುಮಾರನಿಗೆ ಅಷ್ಟರಮಟ್ಟಿಗೆ ಹಗುರವಾಗುತ್ತಿತ್ತು. ಹೊಲಿಗೆ ಯಂತ್ರದವಳು ಆ ಯಂತ್ರದ ಮೇಲೆ ಹೊಲಿದೇ ಮಗಳ ಫೀ ಕಟ್ಟುತ್ತಿದ್ದಳು. ದ್ವಿಚಕ್ರ ವಾಹನ ಕೊಂಡ ಕುಶಲ ಎಂಬವನು ಪೇಂಟು ಹೊಡೆಯಲು ಸಾಸವಡದವರೆಗೆ ಹೋಗಿ ಬರುತ್ತಿದ್ದ. ಮೊಬೈಲಿನವರಲ್ಲಿ ಒಬ್ಬಳು ಕಳೆದ ಮಳೆಗಾಲದಲ್ಲಿ ಮೂರು ವಾರ ಕೆಲಸ ನಿಂತಾಗ ಮೂಗುತಿ ಅಡವಿಟ್ಟು ಕಂತು ತಂದುಕೊಟ್ಟಿದ್ದಳು. ಆದರೂ ಅಷ್ಟರಲ್ಲಿ ಆ ತಿಂಗಳು ದಾಟಿ ಹೋಗಿತ್ತು, ಅಂಕ ಬಿದ್ದದ್ದು ಅಲ್ಲಿಂದಲೇ.

ಸಂಜೆಯ ಹೊತ್ತಿಗೆ ಅವರು ಅರವತ್ತೆರಡು ಸಾವಿರ ತಂದರು. ಸ್ವಲ್ಪ ಮನೆಯಲ್ಲಿದ್ದದ್ದು, ಹೆಚ್ಚಿನದು ಬಿಲ್ಡರನ ಬಳಿ ಮುಂಗಡ ಎತ್ತಿದ್ದು. ಆ ಮುಂಗಡ ತೀರುವವರೆಗೆ ಅವರ ಶನಿವಾರಗಳು ಸಣ್ಣವಾಗುತ್ತವೆ ಎಂಬುದು ಪ್ರೇಮಕುಮಾರನಿಗೆ ಗೊತ್ತಿತ್ತು. ಬೇಡ ಎಂದ. ಸಾಬಣ್ಣ ದುಡ್ಡನ್ನು ಅವನ ಕೈಗೆ ಕೊಡದೆ ಮರೆಮ್ಮನ ಸೆರಗಿಗೆ ಹಾಕಿದ. "ನಿನ್ನ ಗಾಡಿ ಬರಲಿ. ನಮಗ ಅಷ್ಟ ಸಾಕು."

ಸೋಮವಾರ ಮಧ್ಯಾಹ್ನ ಕಾರ್ತಿಕನ ಫೋನು ಬಂದಾಗ ಪ್ರೇಮಕುಮಾರ ತಳೇಗಾಂವದಲ್ಲಿ ಅಳತೆಯ ಮೇಜಿನ ಮುಂದಿದ್ದ. ಖಾಸಗಿಯವರು ಮೂರು ಲಕ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ, ಬಡ್ಡಿ ಹದಿನಾರೂವರೆ ಎಂದ. ಅರವತ್ತೆರಡು ಸಾವಿರ ಸೇರಿಸಿದರೂ ಇನ್ನೂ ಅರವತ್ತು ಸಾವಿರ ಕೊರತೆ. ಆ ಆರು ಸಾಲಗಳನ್ನು ತೀರಿಸಿದರೆ ಎಂದು ಪ್ರೇಮಕುಮಾರ ಕೇಳಿದ. ತೀರಿಸಿದ್ದು ಲೆಕ್ಕಕ್ಕೆ ಬಂದು ಅಂಕ ಏರಲು ತಿಂಗಳುಗಳು ಬೇಕು, ಕಂತು ಬೌನ್ಸ್ ಆದ ಗುರುತು ಅಳಿಸಿ ಹೋಗಲು ಆರು ತಿಂಗಳು ಬೇಕೇ ಬೇಕು ಎಂದ ಕಾರ್ತಿಕ. ಇನ್ನೊಂದು ಮಾತು ಕೇಳಿದ.

"ಮನೇಲಿ ಬೇರೆ ಯಾರಿಗಾದ್ರೂ ಸ್ಯಾಲರಿ ಸ್ಲಿಪ್ ಇದೆಯಾ ಸರ್? ಇದುವರೆಗೆ ಲೋನೇ ತಗೊಂಡಿಲ್ದೋರು?"

ಇಲ್ಲ ಎಂದು ಪ್ರೇಮಕುಮಾರ ಫೋನಿಟ್ಟ. ಅದು ಸುಳ್ಳು.

ತಂಗಿ ಭಾಗ್ಯಾ ಬಿಬವೇವಾಡಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬಿಲ್ ಮಾಡುತ್ತಿದ್ದಳು. ವಯಸ್ಸು ಇಪ್ಪತ್ತೆರಡು, ಸಂಬಳ ಇಪ್ಪತ್ತೊಂದೂವರೆ ಸಾವಿರ, ನೇರ ಬ್ಯಾಂಕಿಗೆ. ಬಿಲ್ಲಿನ ಕಿಟಕಿ ಬಿಟ್ಟು ಒಳಗಿನ ಕೆಲಸಕ್ಕೆ ಹೋಗಬೇಕೆಂದರೆ ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ ಬೇಕು. ಅದಕ್ಕೆ ಈ ಜೂನಿಗೆ ಸೇರಬೇಕು, ಫೀ ಒಂದು ಲಕ್ಷ ಹತ್ತು ಸಾವಿರಕ್ಕೆ ಬ್ಯಾಂಕಿನಲ್ಲಿ ಸಾಲ ಕೇಳಬೇಕು ಎಂದು ಅರ್ಜಿಯನ್ನೂ ತಂದಿಟ್ಟಿದ್ದಳು. ಟೋಳಿಯವರು ಒಮ್ಮೆ ಕೂಲರಿಗೆ ಅವಳ ಹೆಸರು ಕೇಳಿದಾಗ ಪ್ರೇಮಕುಮಾರನೇ, ಅವಳದು ಬೇಡ ನನ್ನದು ಹಾಕಿರಿ ಎಂದು ಮುಂದೆ ಹೋಗಿದ್ದ.

ಆ ರಾತ್ರಿ ಊಟದ ಹೊತ್ತಿಗೆ ಕೊರತೆಯ ಲೆಕ್ಕ ಹೇಳಿ, ಹುದ್ದೆ ಬಿಡುತ್ತೇನೆ, ಹನ್ನೊಂದು ಸಾವಿರ ವಾಪಸ್ ಕೇಳುತ್ತೇನೆ ಎಂದ. ಕಾರ್ತಿಕ ಕೇಳಿದ್ದನ್ನು ಹೇಳಲಿಲ್ಲ. ಆದರೆ ಶನಿವಾರ ಷೋರೂಮಿನಲ್ಲಿ ಫೋನ್ ನಂಬರ್ ಬರೆಸುವಾಗ ಕಾರ್ತಿಕ ಅಪ್ಪನ ನಂಬರನ್ನೂ ತೆಗೆದುಕೊಂಡಿದ್ದ.

"ಆ ಬೆಂಗ್ಳೂರ ಹುಡುಗ ನನಗೂ ಫೋನ್ ಮಾಡಿದ್ದ," ಎಂದ ಶಂಕ್ರೆಪ್ಪ ತಟ್ಟೆ ನೋಡುತ್ತ. "ಭಾಗ್ಯಾನ ಹೆಸರಲೆ ಆಗ್ತದಂತ."

ಮರೆಮ್ಮ ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಗಾಡಿ ಬಂದರೆ ಸಂಬಳ ಏರುತ್ತದೆ, ಏರಿದರೆ ಅವಳ ಫೀ ಅಣ್ಣನೇ ಕಟ್ಟುತ್ತಾನೆ, ಒಂದು ವರ್ಷ ತಡವಾದರೆ ಏನು ಮುಳುಗುತ್ತದೆ ಎಂದಳು. ಲೆಕ್ಕ ತಪ್ಪಿರಲಿಲ್ಲ. ಟೋಳಿಯವರು ತಂದ ಅರವತ್ತೆರಡು ಸೇರಿಸಿದರೆ ಸಾಲ ಮೂರು ಲಕ್ಷ ಅರವತ್ತು ಸಾವಿರ, ಬಡ್ಡಿ ಹತ್ತು, ಕಂತು ಏಳು ಸಾವಿರದ ಆರುನೂರ ಐವತ್ತರಷ್ಟು. ಅದನ್ನು ಪ್ರೇಮಕುಮಾರ ಪ್ರತಿ ತಿಂಗಳೂ ಮೊದಲೇ ಅವಳ ಖಾತೆಗೆ ಹಾಕಬಲ್ಲ. ಎಲ್ಲಿಯೂ ತಪ್ಪು ಸಿಗಲಿಲ್ಲ.

ಭಾಗ್ಯಾ ಎದ್ದು ಪಾತ್ರೆ ತೊಳೆಯಲು ಹೊರಗಿನ ನಲ್ಲಿಗೆ ಹೋದಳು. ಪ್ರೇಮಕುಮಾರ ಹಿಂದೆಯೇ ಹೋಗಿ, "ನೀ ಬ್ಯಾಡ ಅನ್ನು. ನೀ ಅಂದ್ರ ಅಪ್ಪ ಸುಮ್ನಾಗ್ತಾನ," ಎಂದ.

ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಸಾಬಣ್ಣ ಕಾಕಾ ಬಂದು ಬಾಗಿಲ್ದಾಗ ನಿಂತಾಗ ನಿನಗ ಬ್ಯಾಡ ಅನ್ನಲಿಕ್ಕೆ ಬಂತೇನು?"

"ಇಲ್ಲ."

"ಮತ್ತ ನನಗ ಹೆಂಗ ಬರ್ತದಣ್ಣ?"

ಹಾಗಾದರೆ ನಾನೇ ಬೇಡ ಎನ್ನುತ್ತೇನೆ ಎಂದು ಅವನು ಅಲ್ಲಿಯೇ ಹೇಳಬಹುದಿತ್ತು. ಹೇಳಲು ಬಾಯಿ ತೆರೆದ. ಮೂವತ್ತೆಂಟು ಸಾವಿರ, ರೋಹಿತ, ಸೆರಗಿಗೆ ಬಿದ್ದ ಅರವತ್ತೆರಡು ಸಾವಿರ, ಅದನ್ನು ವಾಪಸ್ ಕೊಟ್ಟರೆ ಹದಿನಾಲ್ಕು ಮನೆಗಳು ತಿಳಿದುಕೊಳ್ಳುವ ಅರ್ಥ, ಎಲ್ಲ ಒಟ್ಟಿಗೆ ನೆನಪಾಯಿತು. ತೊಳೆದ ಪಾತ್ರೆಗಳನ್ನು ಒಳಗೆ ತಂದಿಟ್ಟ.

ಮಂಗಳವಾರ ಸಿಬ್ಬಂದಿ ವಿಭಾಗದ ಮಾಧುರಿಯನ್ನು ಕಂಡು, ಗಾಡಿ ತಂಗಿಯ ಹೆಸರಿನಲ್ಲಿದ್ದರೆ ನಡೆಯುತ್ತದೆಯೇ ಎಂದು ಕೇಳಿದ. ನಿಯಮ ಅಡ್ಡ ಬರುತ್ತದೆ ಎಂದು ಅವಳು ಹೇಳಲಿ ಎಂದು ಅವನ ಅರ್ಧ ಮನಸ್ಸು ಕಾಯುತ್ತಿತ್ತು. ಅವಳು ಸುತ್ತೋಲೆ ತೆರೆದು ನೋಡಿದಳು. ಒಂದೇ ಮನೆಯವರಾದರೆ ಸಾಕು, ನೋಟರಿ ಮಾಡಿಸಿದ ಒಂದು ಕಾಗದ ತನ್ನಿ ಎಂದಳು. ಅಭಿನಂದನೆಯನ್ನೂ ಹೇಳಿದಳು.

ಬುಧವಾರ ಭಾಗ್ಯಾ ಊಟದ ಬಿಡುವಿನಲ್ಲಿ ಷೋರೂಮಿಗೆ ಬಂದಳು. ಲ್ಯಾಬಿನ ನೀಲಿ ಕೋಟು ಮೈಮೇಲೇ ಇತ್ತು. ನಲವತ್ತು ನಿಮಿಷ ಸಮಯ ಇದೆ ಎಂದಳು. ಪ್ರೇಮಕುಮಾರ ಅರ್ಧ ದಿನ ರಜೆ ಹಾಕಿ ಮೊದಲೇ ಬಂದು ಕುಳಿತಿದ್ದ. ಕಾರ್ತಿಕ ಕಾಗದಗಳನ್ನು ಜೋಡಿಸಿಟ್ಟಿದ್ದ. ಅವಳ ಹೆಸರಿನ ಮುಂದೆ ಪರದೆಯಲ್ಲಿ ಏನೂ ಇರಲಿಲ್ಲ, ಅಣ್ಣನ ಹೆಸರಿಗೆ ಹದಿನಾಲ್ಕು ಸಾಲುಗಳಿದ್ದ ಜಾಗ ಬಿಳಿಯಾಗಿತ್ತು. ಇಷ್ಟು ಚೊಕ್ಕ ಇರೋದು ಅಪರೂಪ ಮೇಡಂ ಎಂದ. ಈ ಸಾಲ ನಡೆಯುವಾಗ ಒಂದು ವರ್ಷ ಬೇರೆ ಯಾವುದಕ್ಕೂ ಅರ್ಜಿ ಹಾಕಬೇಡಿ, ಹಾಕಿದರೂ ಈ ಸಂಬಳಕ್ಕೆ ಕೊಡುವುದಿಲ್ಲ ಎಂದೂ ಹೇಳಿದ. ಓದಿಗೂ ಇಲ್ಲವೇ ಎಂದು ಪ್ರೇಮಕುಮಾರ ಕೇಳಿದ. ಕಾರ್ತಿಕ ಅವನನ್ನು ನೋಡಿದ, ಭಾಗ್ಯಾಳನ್ನು ನೋಡಿದ. ಕಷ್ಟ ಸರ್ ಎಂದ.

"ಎಲ್ಲಿ ಹಾಕಬೇಕ್ರಿ?" ಎಂದಳು ಭಾಗ್ಯಾ.

ಕಾರ್ತಿಕ ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಇಪ್ಪತ್ತಮೂರು ಸಹಿ. ಬಿಲ್ಲುಗಳಿಗೆ ಹಾಕಿ ಹಾಕಿ ಪಳಗಿದ ಕೈ, ಎಲ್ಲಿಯೂ ತಡೆಯಲಿಲ್ಲ. ಕೊನೆಯ ಹಾಳೆ ಮುಗಿದಾಗ ಪ್ರೇಮಕುಮಾರ ಪೆನ್ನಿಗೆ ಕೈ ಚಾಚಿದ. ಜಾಮೀನಿಗೆ ತನ್ನದೂ ಬೇಕಾಗುತ್ತದೆ ಎಂದುಕೊಂಡಿದ್ದ. ಕಡೆಯ ಪಕ್ಷ ಅಷ್ಟಾದರೂ ತನ್ನ ಹೆಸರು ಅವಳ ಹೆಸರಿನ ಕೆಳಗೆ ನಿಲ್ಲಲಿ ಎಂಬ ಆಸೆಯಿತ್ತು.

"ನಿಮ್ದು ಬೇಡ ಸರ್," ಎಂದ ಕಾರ್ತಿಕ ಮೆಲ್ಲಗೆ. "ಈ ಫೈಲಲ್ಲಿ ನಿಮ್ಮ ಹೆಸರು ಎಲ್ಲೂ ಬರದೇ ಇರೋದೇ ಒಳ್ಳೇದು. ಬಂದ್ರೆ ಮತ್ತೆ ಚೆಕ್ ಆಗುತ್ತೆ."

ಸಾಲಗಾರರ ಫೋಟೋ ಅಲ್ಲಿಯೇ ತೆಗೆದು ಕಳಿಸಬೇಕಿತ್ತು. ಕಾರ್ತಿಕ ಫೋನ್ ಎತ್ತಿ ಹಿಡಿದ. ಭಾಗ್ಯಾ ಕೋಟಿನ ಗುಂಡಿ ಹಾಕಿಕೊಂಡು ನೇರ ಕುಳಿತಳು.

"ಸರ್, ಸ್ವಲ್ಪ ಈಚೆ ಬನ್ನಿ. ನೀವೂ ಬರ್ತಿದೀರಿ ಇದರಲ್ಲಿ."

ಪ್ರೇಮಕುಮಾರ ಎದ್ದು ಕುರ್ಚಿ ಸರಿಸಿ ಗೋಡೆಯ ಪಕ್ಕ ನಿಂತ. ಫೋಟೋ ಹೋಯಿತು. ಒಂದು ನಿಮಿಷಕ್ಕೆ ಭಾಗ್ಯಾಳ ಫೋನಿಗೆ ಸಾಲದ ಒಪ್ಪಿಗೆಯ ಓಟಿಪಿ ಸಂದೇಶ ಬಂತು. ಕಾರ್ತಿಕ ಕೇಳಿದ, ಅವಳು ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದಳು. ಗಡಿಯಾರ ನೋಡಿಕೊಂಡು, ನನಗೆ ತಡವಾಯಿತು ಎಂದು ಎದ್ದಳು.